ಎರಡಂಗುಲದ ಮನುಷ್ಯ

ನಮ್ಮ ಭಾಗ್ಯನಗರಕ್ಕೆ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಬಣ್ಣವಿಟ್ಟು, ದೇವತೆಗಳನ್ನು ಹೊಳೆಯಿಸುತ್ತಾರೆ. ಅದನ್ನು ನೋಡಿ ಬೆಳೆದ ನಾನು ಈಚೆಗೆ ಕೂಡಿಸಿದ್ದು ಮಾತ್ರ ಒಂದು ಟ್ಯಾಂಕು. 1965ರ ಸೆಪ್ಟೆಂಬರಿನಲ್ಲಿ, ಪಂಜಾಬಿನ ಅಸಲ್ ಉತ್ತರದಲ್ಲಿ, ನಮ್ಮವರು ನೀರು ಹಾಯಿಸಿದ ಕಬ್ಬಿನ ಗದ್ದೆಗಳಲ್ಲಿ ಪಾಕಿಸ್ತಾನದ ಪ್ಯಾಟನ್‌ಗಳು ಹೂತವಲ್ಲವೆ? ಅಂಥದೊಂದರ ಪ್ರತಿರೂಪ.

ಪ್ರಮಾಣ 1:35. ತೋಪು ಸೇರಿ 9 ಮೀಟರು ಮೀರುವ ವಾಹನ ಗೇಣಿಗಿಂತ ತುಸು ಉದ್ದವಾಗುತ್ತದೆ. 70 ಅಂಗುಲದ ಆಳು ಎರಡಂಗುಲವಾಗುತ್ತಾನೆ. ಸಂದು ಮುಚ್ಚಿ, ಉಜ್ಜುಕಾಗದದಿಂದ ತೀಡಿ ಹಸಿರು ಬಳಿದಾಗ ಅದು ಆಟಿಕೆಯಂತೆ ಮಿರುಗಿತು. ನಿಜವಾದ ಕೆಲಸ ಆಮೇಲಿನದು. ತೆಳುಗಂದು ಬಣ್ಣವನ್ನು ಸಂದುಗಳಿಗೆ ಇಳಿಸಬೇಕು, ಒಣಕುಂಚದಿಂದ ಅಂಚುಗಳನ್ನು ಸವೆಸಿದಂತೆ ಕಾಣಿಸಬೇಕು, ಉಕ್ಕಿನ ಪಟ್ಟಿಗಳಿಗೆ ಕೆಸರು ಮೆತ್ತಬೇಕು. ಕಿನ್ನಾಳದ ಕೈ ಹೊಳಪನ್ನು ಕೊಟ್ಟು ಮುಗಿಸುತ್ತದೆ; ಇಲ್ಲಿ ಹೊಳಪನ್ನು ಕಳೆದು ಮುಗಿಸಬೇಕು.

ಮಗಳು ಕೆಸರನ್ನು ನೋಡಿ ಕೇಳಿದಳು: “ಅಪ್ಪಾ, ಇದರಾಗಿದ್ದ ಮಂದಿ ಏನಾದ್ರು?”

“ನಾಲ್ಕು ಮಂದಿ ಇರತಿದ್ರು. ಕೆಲವರು ಇಳಿದು ಓಡಿದ್ರು, ಕೆಲವರು ಸತ್ರು,” ಎಂದೆ.

ಮುಚ್ಚಳದ ಬಳಿ ನಿಲ್ಲಿಸಬೇಕಾದ ಎರಡಂಗುಲದ ಮನುಷ್ಯ ಇನ್ನೂ ಮುಖವಿಲ್ಲದೆ ನನ್ನ ಅಂಗೈಯಲ್ಲಿದ್ದನು. ಶತ್ರುವೆಂಬುದನ್ನು ಮರೆತು, ಅವನಿಗೆ ಕಣ್ಣು ಬರೆಯಲು ಸಣ್ಣ ಕುಂಚವನ್ನೆತ್ತಿಕೊಂಡೆ.