ಅಸ್ಸಿಯಲ್ಲೊಂದು ನೆರಳಿನ ಶಿಬಿರ

ಊರಿನ ಬೇಸಿಗೆ ಶಿಬಿರಗಳ ಶುಲ್ಕ ಕೇಳಿದರೆ ತಲೆ ತಿರುಗುತ್ತದೆ. ಅಸ್ಸಿ ಘಾಟಿನ ನಮ್ಮ ಶಿಬಿರಕ್ಕೆ ತಗುಲಿದ್ದು ಒಂದು ಸೀಮೆಸುಣ್ಣ, ಒಂದು ಮೀಟರ್ ಕೋಲು.

ಏಪ್ರಿಲ್ 24. ಶಾಲೆ ಬಿಟ್ಟು ಅಪ್ಪನ ದೋಣಿಗೆ ಹುಟ್ಟು ಹಾಕುವ ಪಕ್ಕದ ಮನೆಯ ಹುಡುಗ ಕೋಲು ನೆಟ್ಟಗೆ ಹಿಡಿದ. ಮಗಳು ನೆರಳಿನ ತುದಿಗೆ ಗುರುತು ಹಾಕಿದಳು. 11.56ಕ್ಕೆ ನೆರಳು ಅತಿ ಗಿಡ್ಡ, 22 ಸೆಂ.ಮೀ. ಹತ್ತಿರ. ಇಪ್ಪತ್ತೆರಡು ನಿಮಿಷದ ಬಳಿಕ ಬೆಂಗಳೂರಿನ ತಾರಸಿಯಿಂದ ಅಣ್ಣನ ಮಗ ಕೂಗಿದ: 'ಚಿಕ್ಕಪ್ಪಾ, ನೆರಳೇ ಇಲ್ಲ!' ಅಲ್ಲಿ ಅಂದು ಶೂನ್ಯ ನೆರಳಿನ ದಿನ. ಕಾಶಿ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿದೆ, ಇಲ್ಲಿ ಅಂಥ ದಿನ ಬರುವುದೇ ಇಲ್ಲ.

ಕಾಗದದ ಮೇಲೆ ತ್ರಿಕೋನ ಬರೆದು ಕೋನಮಾಪಕ ಇಟ್ಟೆವು: 12 ಡಿಗ್ರಿ ಚಿಲ್ಲರೆ. ನಕ್ಷೆಯಲ್ಲಿ ಉತ್ತರ-ದಕ್ಷಿಣ ಅಂತರ ಸುಮಾರು 1,370 ಕಿ.ಮೀ. ಗುಣಿಸಿ ಭಾಗಿಸಿದ್ದು ದೋಣಿ ಹುಡುಗನೇ. ಬಾಡಿಗೆ ಹಂಚಿ ಪಳಗಿದ ಲೆಕ್ಕ ಅವನದು. ಭೂಮಿಯ ಸುತ್ತಳತೆ 40,000 ಕಿ.ಮೀ. ಆಸುಪಾಸು! ಎರಟೋಸ್ತನೀಸ್ 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಹಿಡಿದದ್ದೂ ಇದೇ ದಾರಿ.

'ಮತ್ತೆ ಶಾಲೆಗೆ ಕಳಿಸ್ತೀರಾ?' ಎಂದು ಅವನಪ್ಪನನ್ನು ಕೇಳಿದೆ. 'ಗಂಗೆ ಏರಿ ದೋಣಿ ನಿಂತಾಗ ನೋಡೋಣ' ಎಂದರು.

ಮರುದಿನ ಮಧ್ಯಾಹ್ನ ಹುಡುಗ ಒಬ್ಬನೇ ಅಳೆದು ಓಡಿ ಬಂದ: 'ಭೈಯಾ, ಇವತ್ತು ಅರ್ಧ ಸೆಂಟಿಮೀಟರ್ ಕಮ್ಮಿ. ಯಾಕೆ?'