ಒಬ್ಬರ ತುಂಡು ಪಂಚೆ, ಮೂರು ಲಕ್ಷ ಜನರ ಉಡುಪು

1981ರ ಜನವರಿ 31. ಗಾಂಧೀಜಿಯ ಅಂತಿಮಯಾತ್ರೆ ನಡೆದು ಸರಿಯಾಗಿ 33 ವರ್ಷ. ಅದೇ ಯಾತ್ರೆಯನ್ನು ‘ಗಾಂಧಿ’ ಚಿತ್ರಕ್ಕಾಗಿ ಮತ್ತೆ ಕಟ್ಟಲು ರಿಚರ್ಡ್ ಅಟೆನ್‌ಬರೋ ಹೊರಟಾಗ ದೆಹಲಿಯ ರಾಜಪಥದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ನೆರೆದರು. 94,560 ಮಂದಿಗೆ ಕೂಲಿ ಇತ್ತು, ಉಳಿದವರು ತಾವಾಗಿಯೇ ಬಂದವರು. 11 ತಂಡಗಳು 20,000 ಅಡಿ ಫಿಲ್ಮ್ ಓಡಿಸಿದವು. 35 ಎಂ.ಎಂ. ಫಿಲ್ಮ್ ಓಡುವುದು ನಿಮಿಷಕ್ಕೆ 90 ಅಡಿ. ಅಂದರೆ ಸೆರೆಯಾದದ್ದು 222 ನಿಮಿಷ. ಇಡೀ ಸಿನಿಮಾ ಇರುವುದೇ 191 ನಿಮಿಷ! ಸೆರೆಯಾದದ್ದರಲ್ಲಿ ತೆರೆಯ ಮೇಲೆ ಉಳಿದದ್ದು 125 ಸೆಕೆಂಡು. ಸೆಕೆಂಡಿಗೆ 24ರಂತೆ 3,000 ಫ್ರೇಮು. ಹಂಚಿದರೆ ಫ್ರೇಮೊಂದಕ್ಕೆ ನೂರು ಜನ.

ಆ ನೂರೂ ಜನ 1948ರವರಾಗಿ ಕಾಣಬೇಕು. ಆ ಚಿತ್ರದ ವಸ್ತ್ರವಿನ್ಯಾಸದ ಹೊಣೆ ಭಾನು ಅಥೈಯಾ ಮತ್ತು ಇಂಗ್ಲೆಂಡಿನ ಜಾನ್ ಮೊಲ್ಲೊ ಅವರದು.

ತಲೆಗೆ ನಾಲ್ಕು ಮೀಟರಿನ ಒಂದು ಪಂಚೆ ಎಂದರೂ ಮೂರು ಲಕ್ಷ ಜನರಿಗೆ 12 ಲಕ್ಷ ಮೀಟರ್, ಅಂದರೆ 1,200 ಕಿಲೋಮೀಟರ್ ಬಟ್ಟೆ. ಬೆಂಗಳೂರಿನಿಂದ ಹಾಸುತ್ತ ಹೋದರೆ ಮುಂಬೈ ಮುಟ್ಟಿಯೂ ಮಿಗುತ್ತದೆ. ಇಷ್ಟನ್ನು ಯಾವ ನಿರ್ಮಾಪಕನೂ ಕೊಳ್ಳಲಾರ. ಜನಜಂಗುಳಿಯ ದೃಶ್ಯಗಳಲ್ಲಿ ಈ ಕಸುಬು ನಡೆಯುವುದು ದೂರದ ಲೆಕ್ಕದ ಮೇಲೆ. ಕ್ಯಾಮೆರಾದ ಮುಂದೆಯೇ ನಿಂತವನ ಅಂಗಿಯ ಗುಂಡಿಯೂ ಆ ಕಾಲದ್ದೇ ಆಗಿರಬೇಕು. ಹಿಂದಿನ ಸಾಲಿನವನಿಗೆ ಟೋಪಿಯೋ ಪೇಟವೋ ಸಾಕು. ಕಟ್ಟಕಡೆಯವನು ಬರೀ ಬಿಳಿ ಚುಕ್ಕೆ. ಆದರೆ ಮುಂದಿನ ಸಾಲಿಗೆ ಹೊಳೆಯುವ ಪಾಲಿಯೆಸ್ಟರ್ ಶರ್ಟು ಒಂದೇ ಒಂದು ನುಸುಳಿದರೂ 1948 ಕೆಟ್ಟಂತೆ.

ಅದೂ ಒಂದು ದಿನದ ಮಾತಾಯಿತು. ಕಥೆ ಹಬ್ಬಿರುವುದು 1893ರ ದಕ್ಷಿಣ ಆಫ್ರಿಕಾದ ರೈಲಿನಿಂದ 1948ರ ದೆಹಲಿಯವರೆಗೆ, 55 ವರ್ಷ. ವಕೀಲರ ಸೂಟು, ವೈಸರಾಯರ ಪದಕಗಳು, ಸಿಪಾಯಿಗಳ ಸಮವಸ್ತ್ರ, ರೈತರ ಮುಂಡಾಸು, ಪ್ರಾಂತ್ಯಕ್ಕೊಂದು ಬಗೆಯ ಸೀರೆಯ ಕಟ್ಟು. ಇಂಥ ಚಿತ್ರಗಳಲ್ಲಿ ಹೊಸ ಬಟ್ಟೆಯೇ ಶತ್ರು. ಒಗೆದು, ಉಜ್ಜಿ, ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಅದಕ್ಕೆ ವಯಸ್ಸು ತರಿಸಬೇಕು.

ವಿಚಿತ್ರವೆಂದರೆ ಇಷ್ಟೆಲ್ಲ ಬಟ್ಟೆ ಬೇಕಾದದ್ದು ಬಟ್ಟೆಯನ್ನು ಬಿಡುತ್ತ ಹೋದವರ ಕಥೆಗೆ. ಸೂಟು ಬಿಟ್ಟರು, ಕಾಠಿಯಾವಾಡಿ ಪೇಟ ಬಿಟ್ಟರು, 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅಂಗಿಯನ್ನೂ ಬಿಟ್ಟು ತುಂಡು ಪಂಚೆಗೆ ಇಳಿದರು. ಅವರ ಮೈಮೇಲಿನ ಬಟ್ಟೆ ಕಡಿಮೆಯಾದಷ್ಟೂ ಅವರ ಸುತ್ತಲಿನ ಜನ ಹೆಚ್ಚಿದರು, ವಿನ್ಯಾಸಕರ ಪೆಟ್ಟಿಗೆಗಳೂ.

1983ರ ಏಪ್ರಿಲ್‌ನಲ್ಲಿ ‘ಗಾಂಧಿ’ಗೆ ಎಂಟು ಆಸ್ಕರ್ ಬಂದವು. ವಸ್ತ್ರವಿನ್ಯಾಸದ್ದನ್ನು ಇಬ್ಬರೂ ಹಂಚಿಕೊಂಡರು. ಮೊಲ್ಲೊಗೆ ‘ಸ್ಟಾರ್ ವಾರ್ಸ್’ ಆಗಲೇ ಒಂದು ತಂದುಕೊಟ್ಟಿತ್ತು. ಕೊಲ್ಲಾಪುರದಲ್ಲಿ ಹುಟ್ಟಿದ ಅಥೈಯಾ ಆಸ್ಕರ್ ಗೆದ್ದ ಮೊದಲ ಭಾರತೀಯರಾದರು. 1956ರ ‘ಸಿ.ಐ.ಡಿ.’ಯೂ ಸೇರಿ ನೂರಕ್ಕೂ ಹೆಚ್ಚು ಚಿತ್ರಗಳಿಗೆ ದುಡಿದವರು ಅವರು. ‘ಆಮ್ರಪಾಲಿ’ಯ ವೈಜಯಂತಿಮಾಲಾಗೆ, ‘ಬ್ರಹ್ಮಚಾರಿ’ಯ ಮುಮ್ತಾಜ್‌ಗೆ ಅವರು ಉಡಿಸಿದ್ದು ನೋಡುವವರ ಕಣ್ಣು ಕೀಳದಂತೆ ಮಾಡುವ ಉಡುಪು. ಆಸ್ಕರ್ ತಂದದ್ದು ಮಾತ್ರ, ಇದನ್ನು ಯಾರೋ ಕೂತು ಯೋಚಿಸಿ ತೊಡಿಸಿದ್ದಾರೆಂದು ನೋಡುವವರಿಗೆ ಹೊಳೆಯಲೇಬಾರದ ಬಟ್ಟೆ.