ಪುರಾತತ್ತ್ವಜ್ಞನ ಅರ್ಹತೆ

ಬೈಲಹೊಂಗಲದ ಸುತ್ತಣ ಸಂಪಗಾಂವ ಸೀಮೆ ಹಾಗೂ ಅದರ ನೆರೆಯ ಸವದತ್ತಿ, ರಾಮದುರ್ಗಗಳ ಪ್ರಾಚೀನತೆಯನ್ನು ವಿದ್ವಲ್ಲೋಕಕ್ಕೆ ತಿಳಿಯಪಡಿಸಿದ ಮೊದಲಿಗರಿಗೆ ಪುರಾತತ್ತ್ವದ ಪದವಿಯಿರಲಿಲ್ಲ. ಸವದತ್ತಿಯ ರಟ್ಟ ಅರಸರ ಶಾಸನಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ 1867ರಲ್ಲಿ ಮುಂಬಯಿ ಇಲಾಖೆಯ ಸಿವಿಲ್ ಸೇವೆಗೆ ಸೇರಿದ ಅಧಿಕಾರಿ. ಮಲಪ್ರಭೆಯ ಕಣಿವೆಯಲ್ಲಿ ಆದಿಮಾನವನ ಶಿಲಾಯುಧಗಳನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಭೂಗರ್ಭಶಾಸ್ತ್ರಜ್ಞ.

ಇಂದು ಆ ಸ್ವಾತಂತ್ರ್ಯವಿಲ್ಲ, ಇಲ್ಲದಿರುವುದೇ ಲೇಸು. ಮಣ್ಣಿನ ಒಂದೊಂದು ಸ್ತರದ ಬಣ್ಣವನ್ನೂ ಗಡಸುತನವನ್ನೂ ಬರೆದಿಡದೆ ಆತುರದಿಂದ ಕೆಳಗಿಳಿದವನಿಗೆ ಹೊನ್ನೇ ದೊರೆತರೂ ಅದರ ಕಾಲ ದೊರೆಯದು. ಅಂತೆಯೇ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಸಂರಕ್ಷಿತ ನೆಲದಲ್ಲಿ ಅನುಜ್ಞಾಪತ್ರವಿಲ್ಲದೆ ಉತ್ಖನನವನ್ನು ನಿಷೇಧಿಸಿದೆ.

ಈ ವೃತ್ತಿಯನ್ನು ಬಯಸುವ ಬೈಲಹೊಂಗಲದ ತರುಣನು ಬಿ.ಎ. ಮುಗಿಸಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸವನ್ನೋ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ತ್ವವನ್ನೋ ಎಂ.ಎ.ಗೆ ಆರಿಸಿಕೊಳ್ಳಬಹುದು. ತದನಂತರದ್ದು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಎರಡು ವರ್ಷಗಳ ಸ್ನಾತಕೋತ್ತರ ಡಿಪ್ಲೊಮಾ; ಅದನ್ನು ಕಲಿಸುವ, 1959ರಲ್ಲಿ ಸ್ಥಾಪಿತವಾದ ಶಾಲೆಯು ಈಗ ಗ್ರೇಟರ್ ನೋಯ್ಡಾದಲ್ಲಿದೆ. ಅದರ ಪ್ರವೇಶಕ್ಕೆ ಸಂಸ್ಕೃತ, ಪಾಲಿ, ಪ್ರಾಕೃತ, ಅರಬ್ಬಿ, ಪಾರಸಿಗಳ ಎಂ.ಎ. ಸಲ್ಲುತ್ತಿತ್ತು, ಕನ್ನಡದ್ದು ಸಲ್ಲುತ್ತಿರಲಿಲ್ಲ! ತಮಿಳುನಾಡು ಪ್ರತಿಭಟಿಸಿದ ಮೇಲೆ, 2020ರ ಅಕ್ಟೋಬರಿನಲ್ಲಿ, ತಮಿಳಿನೊಡನೆ ಕನ್ನಡಕ್ಕೂ ಬಾಗಿಲು ತೆರೆಯಿತು. ಇಷ್ಟೊಂದು ಕನ್ನಡ ಶಾಸನಗಳುಳ್ಳ ನಾಡಿನವರಾದ ನಾವು ಅನ್ಯರ ಗದ್ದಲದಿಂದ ಈ ಲಾಭ ಪಡೆದೆವೆಂಬುದು ಹೆಮ್ಮೆಯ ಮಾತೇನಲ್ಲ.

ಆದರೆ ಪದವಿಯೊಂದೇ ಸಾಲದು. ಈ ಸೀಮೆಯ ಬಳಿಯ ಸೊಗಲದಲ್ಲಿ ಚಾಲುಕ್ಯ ತೈಲಪನ ಕಾಲದ, ಕ್ರಿ.ಶ. 980ರ ಶಾಸನವಿದೆ. ಅಂತಹ ಬರಹದ ಪಡಿಯಚ್ಚು ತೆಗೆಯುವ ಕ್ರಮವನ್ನು ಪುಸ್ತಕದಿಂದ ಕಲಿಯಲಾಗದು. ಕಲ್ಲಿನ ಪಾಚಿಯನ್ನೂ ಎಣ್ಣೆಯ ಜಿಡ್ಡನ್ನೂ ನೀರಿನಿಂದ ಉಜ್ಜಿ ತೊಳೆದು, ಒದ್ದೆಯಾದ ಕಾಗದವನ್ನು ಮೈಗೆ ಮೈ ಹೊಂದುವಂತೆ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಸಮನಾಗಿ ಬಡಿಯುತ್ತ ಹೋದಂತೆ ಕಾಗದವು ಅಕ್ಷರದ ಕುಳಿಗಳೊಳಗೆ ಇಳಿಯುತ್ತದೆ. ತುಸು ಆರಿದೊಡನೆ ಮಸಿಯ ಮೆತ್ತೆಯನ್ನು ಮೇಲೆ ಮೆಲ್ಲನೆ ತಟ್ಟಿದರೆ, ಉಬ್ಬಿದ ಭಾಗವೆಲ್ಲ ಕಪ್ಪಾಗಿ, ಬರಹವು ಬೆಳ್ಳಗೆ ಉಳಿಯುತ್ತದೆ. ಬಡಿತ ಬಿರುಸಾದರೆ ಕಾಗದ ಹರಿದೀತು, ಮಸಿ ಹೆಚ್ಚಾದರೆ ಅನುಸ್ವಾರ ಅಳಿದೀತು.

ಅಚ್ಚು ಸಿದ್ಧವಾದರೂ ಹಳಗನ್ನಡವನ್ನರಿಯದವನಿಗೆ ಅದು ಮೂಕಪತ್ರ. ದೂರದ ಶಾಲೆಗೆ ಹೋಗಲಾರದವರಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಉಂಟು. ಅದರಿಂದ ಉತ್ಖನನದ ಅಧಿಕಾರವಾಗಲಿ ಸರ್ವೇಕ್ಷಣದ ಹುದ್ದೆಯಾಗಲಿ ಒದಗದು. ಆದರೆ ತಮ್ಮೂರ ಗುಡಿಯ ಕಲ್ಲನ್ನು ಓದಲು ಹಂಬಲಿಸುವ ಮಾಸ್ತರರಿಗೆ ಅಷ್ಟು ಸಾಕು.